ಉಳ್ಳಾಲದ ಶಾಸಕನ ಹದಿನೆಂಟು ವರ್ಷ: ಜೀವ ಉಳಿಸುವ ಕೆಲಸದ ಲೆಕ್ಕ

ಅಪಘಾತದಲ್ಲಿ ಗಾಯಗೊಂಡವರನ್ನು ಆಟೊದಲ್ಲೋ ಯಾರದೋ ಕಾರಿನಲ್ಲೋ ಹಾಕಿಕೊಂಡು ಖಾಸಗಿ ಆಸ್ಪತ್ರೆಯ ಬಾಗಿಲಿಗೆ ತಂದರೆ ಅಲ್ಲಿ ಎರಡು ಪ್ರಶ್ನೆ ಕಾದಿರುತ್ತಿದ್ದವು. ಪೊಲೀಸರಿಗೆ ತಿಳಿಸಿದ್ದೀರಾ? ಅಡ್ವಾನ್ಸ್ ಯಾರು ಕಟ್ಟುತ್ತಾರೆ? ಕರೆತಂದವನು ದಾರಿಹೋಕ, ಗಾಯಾಳುವಿನ ಹೆಸರೂ ಅವನಿಗೆ ಗೊತ್ತಿಲ್ಲ. ಮನೆಯವರ ನಂಬರು ಹುಡುಕಿ, ಅವರು ಊರಿನಲ್ಲಿ ಹಣ ಹೊಂದಿಸಿಕೊಂಡು ಬಸ್ಸು ಹಿಡಿದು ಬರುವಷ್ಟರಲ್ಲಿ ಚಿಕಿತ್ಸೆಗೆ ಸಿಗಬೇಕಿದ್ದ ಹೊತ್ತು ಕಳೆದುಹೋಗಿರುತ್ತಿತ್ತು. 2016ರ ಮಾರ್ಚ್ 8ರಂದು ಕರ್ನಾಟಕ ಸರ್ಕಾರ ಈ ಎರಡನೆಯ ಪ್ರಶ್ನೆಗೆ ತಾನೇ ಉತ್ತರ ಹೇಳಿತು. ರಾಜ್ಯದ ರಸ್ತೆಗಳಲ್ಲಿ ಅಪಘಾತಕ್ಕೆ ಸಿಕ್ಕವರು ಯಾವ ಊರಿನವರೇ ಆಗಲಿ, ಯಾವ ರಾಜ್ಯದವರೇ ಆಗಲಿ, ಮೊದಲ 48 ಗಂಟೆಯ ಚಿಕಿತ್ಸೆಗೆ 25 ಸಾವಿರ ರೂಪಾಯಿವರೆಗೆ ಸರ್ಕಾರವೇ ಭರಿಸುತ್ತದೆ ಎಂದಿತು. ಅದು ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ. ಆಗ ಆರೋಗ್ಯ ಸಚಿವರಾಗಿದ್ದವರು ಯು.ಟಿ. ಖಾದರ್.

ಖಾದರ್ ಅವರು ವಿಧಾನಸಭೆಗೆ ಬಂದದ್ದು 2007ರ ಉಳ್ಳಾಲ ಉಪಚುನಾವಣೆಯಲ್ಲಿ. ಅಲ್ಲಿಂದ 2008, 2013, 2018, 2023, ಹೀಗೆ ಒಂದು ಸಲವೂ ಸೋಲದೆ ಬಂದಿದ್ದಾರೆ. 2023ರ ಮೇ 24ರಿಂದ ವಿಧಾನಸಭೆಯ ಸಭಾಧ್ಯಕ್ಷರು. ನಮ್ಮಲ್ಲಿ ಶಾಸಕರ ಸಾಧನೆಯನ್ನು ಅಳೆಯುವುದು ತಂದ ಅನುದಾನ, ಹಾಕಿಸಿದ ಡಾಂಬರು, ಮಾಡಿದ ಶಂಕುಸ್ಥಾಪನೆಗಳಿಂದ. ಜನರ ಪ್ರಾಣಕ್ಕೆ ಅವರಿಂದ ಎಷ್ಟು ಆಸರೆಯಾಯಿತು ಎಂಬ ಲೆಕ್ಕವನ್ನು ಕೇಳುವವರು ಕಡಿಮೆ. ಈ ಹದಿನೆಂಟು ವರ್ಷಗಳನ್ನು ಆ ಒಂದು ಕೋನದಿಂದ ನೋಡಿದರೆ ಮೆಚ್ಚಲೇಬೇಕಾದದ್ದೂ ಇದೆ, ಅರ್ಧಕ್ಕೆ ನಿಂತದ್ದೂ ಇದೆ. ಅವರ ಸ್ವಂತ ಕ್ಷೇತ್ರದಲ್ಲೇ ಇನ್ನೂ ಸರಿಯಾಗಿ ಶುರುವಾಗದ ಕೆಲಸವೂ ಇದೆ.

ಉಳ್ಳಾಲ ಸುಲಭದ ಕ್ಷೇತ್ರವಲ್ಲ. ರಾಣಿ ಅಬ್ಬಕ್ಕನ ಊರು ಎಂದು ನಾಡಿಗೆಲ್ಲ ಗೊತ್ತಿರುವ ಈ ಕಡಲ ಬದಿಯಲ್ಲಿ ಮೊಗವೀರರ ಪಟ್ನಗಳಿವೆ, ಬೀಡಿ ಕಟ್ಟುವ ಮನೆಗಳಿವೆ, ಸಯ್ಯದ್ ಮದನಿ ದರ್ಗಾ ಇದೆ, ಸೋಮನಾಥನ ಗುಡಿ ಇದೆ. ತುಳು, ಬ್ಯಾರಿ, ಕೊಂಕಣಿ, ಮಲಯಾಳ ಒಂದೇ ಸಂತೆಯಲ್ಲಿ ಕೇಳಿಸುತ್ತವೆ. 1983ರಲ್ಲಿ ಇಲ್ಲಿಂದ ಸಿಪಿಎಂನ ಪಿ. ರಾಮಚಂದ್ರ ರಾವ್ ಗೆದ್ದಿದ್ದರು. ಅವರ ನಂತರ ಕವಿ, ಗಾಂಧಿವಾದಿ ಬಿ.ಎಂ. ಇದಿನಬ್ಬ. 1994ರಲ್ಲಿ ಬಿಜೆಪಿಯ ಜಯರಾಮ ಶೆಟ್ಟಿ. ಖಾದರ್ ಅವರ ತಂದೆ ಯು.ಟಿ. ಫರೀದ್ 1972, 1978, 1999, 2004ರಲ್ಲಿ ಇದೇ ಕ್ಷೇತ್ರದ ಶಾಸಕರಾಗಿದ್ದರು. ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ತಮ್ಮೂರಿಗೊಂದು ಶಾಲೆ ಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆದಾಗ ಅದಕ್ಕೆ ಮಂಜೂರಾತಿ ದೊರಕಲು ಫರೀದ್ ನೆರವಾದದ್ದನ್ನು ಆ ಭಾಗದವರು ಈಗಲೂ ನೆನೆಯುತ್ತಾರೆ. ಅದೇ ಹಾಜಬ್ಬರಿಗೆ ಮುಂದೆ ಪದ್ಮಶ್ರೀ ಬಂತು.

2007ರಲ್ಲಿ ಫರೀದ್ ತೀರಿಕೊಂಡಾಗ ತೆರವಾದ ಸ್ಥಾನಕ್ಕೆ ಮಗ ನಿಂತರು. ಕಾನೂನು ಓದಿ, ವಿದ್ಯಾರ್ಥಿ ಕಾಂಗ್ರೆಸ್‌ನಲ್ಲಿ ಓಡಾಡಿದ್ದ ಯುವಕ. ತಂದೆಯ ಹೆಸರಿನ ಬಲದಿಂದ ಮೊದಲ ಚುನಾವಣೆ ಗೆದ್ದರು ಎನ್ನುವುದರಲ್ಲಿ ಸುಳ್ಳಿಲ್ಲ. ಉಳಿದ ನಾಲ್ಕನ್ನು ಹಾಗೆ ವಿವರಿಸಲಾಗದು. 2018ರಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ 13 ಸ್ಥಾನಗಳಲ್ಲಿ 12 ಬಿಜೆಪಿಯ ಪಾಲಾದಾಗ ಕಾಂಗ್ರೆಸ್ಸಿಗೆ ಉಳಿದದ್ದು ಖಾದರ್ ಅವರ ಸ್ಥಾನವೊಂದೇ. ಮದುವೆಗೂ ಮಯ್ಯತ್ತಿಗೂ ಕೋಲಕ್ಕೂ ಬ್ರಹ್ಮಕಲಶಕ್ಕೂ ಬರುವ, ಫೋನು ಎತ್ತುವ ಶಾಸಕ ಎಂಬ ಹೆಸರನ್ನು ಅವರು ಸಂಪಾದಿಸಿದ್ದಾರೆ.

ಅವರು ಅಪಘಾತದ ಗಾಯಾಳುಗಳ ಬಗ್ಗೆ ಯೋಚಿಸಿದ್ದರ ಹಿಂದೆ ಅವರ ಕ್ಷೇತ್ರದ ಭೂಗೋಳವೂ ಇದೆ ಎಂದು ನಮಗನ್ನಿಸುತ್ತದೆ. ದೇರಳಕಟ್ಟೆ, ನಾಟೆಕಲ್ ಆಸುಪಾಸಿನಲ್ಲೇ ಇಂದು ಮೂರು ವೈದ್ಯಕೀಯ ಕಾಲೇಜುಗಳಿವೆ. ನೇತ್ರಾವತಿ ದಾಟಿದರೆ ಮಂಗಳೂರಿನ ದೊಡ್ಡ ದೊಡ್ಡ ಆಸ್ಪತ್ರೆಗಳು. ತಲಪಾಡಿಯ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕವನು ಬದುಕುವುದಕ್ಕೂ ದೊಡ್ಡ ಆಸ್ಪತ್ರೆ ಹತ್ತಿರವಿಲ್ಲದ ದೇವದುರ್ಗದ ರಸ್ತೆಯಲ್ಲಿ ಅದೇ ಪೆಟ್ಟು ತಿಂದವನು ಸಾಯುವುದಕ್ಕೂ ನಡುವೆ ಇರುವುದು ಹಲವು ಸಲ ಬರೀ ದೂರ. ಆಸ್ಪತ್ರೆ ಹತ್ತಿರವಿದ್ದರೆ ಜೀವ ಹೇಗೆ ಉಳಿಯುತ್ತದೆ ಎಂಬುದನ್ನು ಮನೆಯ ಅಂಗಳದಲ್ಲೇ ಕಂಡವರು 2013ರ ಮೇ ತಿಂಗಳಲ್ಲಿ ಇಡೀ ರಾಜ್ಯದ ಆರೋಗ್ಯ ಖಾತೆ ವಹಿಸಿಕೊಂಡರು.

ವಹಿಸಿಕೊಂಡ ಕೆಲವೇ ದಿನಗಳಲ್ಲಿ, ಮೇ ಕೊನೆಗೆ, ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಅಡಿಕೆ ಬೆಳೆಯುವ ಜಿಲ್ಲೆಯಿಂದ ಬಂದ ಸಚಿವರಿಗೆ ಇದು ಸಲೀಸಾದ ತೀರ್ಮಾನವಾಗಿರಲಿಲ್ಲ. ಬೆಲೆ ಬೀಳುತ್ತದೆಂದು ಬೆಳೆಗಾರರು ಬೀದಿಗಿಳಿದರು. ಸರ್ಕಾರ ಹಿಂದೆ ಸರಿಯಲಿಲ್ಲ, ಅದು ಮೆಚ್ಚುವಂಥದ್ದು. ಆದರೆ ತಯಾರಕರು ಪಾನ್ ಮಸಾಲ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ತುಂಬಿ ಗೂಡಂಗಡಿಯಲ್ಲಿ ಜೋಡಿಯಾಗಿ ತೂಗುಹಾಕಿದರು. ಕೊಂಡವನು ಎರಡನ್ನೂ ಅಂಗೈ ಮೇಲೆ ಬೆರೆಸಿಕೊಂಡ. ನಿಷೇಧದ ಆದೇಶ ಕಡತದಲ್ಲಿ ಗಟ್ಟಿಯಾಗಿಯೇ ಉಳಿಯಿತು, ಬಾಯಿಯ ಕ್ಯಾನ್ಸರ್ ವಾರ್ಡು ಮಾತ್ರ ಖಾಲಿಯಾಗಲಿಲ್ಲ.

2015ರ ಏಪ್ರಿಲ್‌ನಲ್ಲಿ ಬೈಕ್ ಆಂಬುಲೆನ್ಸ್ ಬಂತು. 2008ರ ರಾಜ್ಯೋತ್ಸವದಂದು ಶುರುವಾಗಿದ್ದ 108 ಸೇವೆಯ ದೊಡ್ಡ ವಾಹನಗಳು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಸಂದಿಗೊಂದಿಯಲ್ಲಿ ನುಗ್ಗಬಲ್ಲ ಬೈಕಿನಲ್ಲಿ ತರಬೇತಾದ ಸಿಬ್ಬಂದಿ, ಆಮ್ಲಜನಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಮೊದಲೇ ಕಳಿಸಿದರೆ ಹಿಂದಿನಿಂದ ಆಂಬುಲೆನ್ಸ್ ಬರುವವರೆಗೆ ರಕ್ತ ನಿಲ್ಲಿಸಬಹುದು, ಉಸಿರು ಹಿಡಿದಿಡಬಹುದು ಎಂಬುದು ಆಲೋಚನೆ. ಆಲೋಚನೆಯಲ್ಲಿ ಏನೂ ತಪ್ಪಿರಲಿಲ್ಲ. ಹಸಿರು ನಿಶಾನೆ ತೋರಿಸಿದ ದಿನದ ಫೋಟೊಗಳನ್ನು ಕಂಡವರಿಗೆ ಆ ಬೈಕುಗಳು ಆಮೇಲೆ ರಸ್ತೆಯಲ್ಲಿ ಕಣ್ಣಿಗೆ ಬಿದ್ದದ್ದು ಅಪರೂಪ. ಇಲಾಖೆಯ ಮಂತ್ರಿ ಬದಲಾದರೆ ಹಿಂದಿನವರ ಕೂಸನ್ನು ಎತ್ತಿಕೊಳ್ಳುವವರಿಲ್ಲದ ನಮ್ಮ ಆಡಳಿತದ ಹಳೆಯ ರೋಗ ಇದು.

ಇನ್ನು ಸಾಂತ್ವನ ಹರೀಶ್ ಯೋಜನೆಯ ಮಾತು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

2016ರ ಫೆಬ್ರವರಿ 16ರಂದು ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಊರಿನಿಂದ ಬೆಂಗಳೂರಿಗೆ ಬೈಕಿನಲ್ಲಿ ಮರಳುತ್ತಿದ್ದ ಹರೀಶ್ ಎಂಬ ಯುವಕನ ಮೇಲೆ ಲಾರಿ ಹರಿಯಿತು. ದೇಹ ಎರಡಾಗಿತ್ತು, ಪ್ರಜ್ಞೆ ಇತ್ತು. ನೆರವಿಗೆ ಕೂಗುತ್ತಿದ್ದ ಆತ ಅದೇ ಉಸಿರಿನಲ್ಲಿ ತನ್ನ ಕಣ್ಣುಗಳನ್ನು ದಾನ ಮಾಡಿ ಎಂದು ಹೇಳಿದ. ಸುತ್ತ ನಿಂತವರಲ್ಲಿ ಕೆಲವರು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರು. ಆತ ಬದುಕಲಿಲ್ಲ. ಕಣ್ಣುಗಳು ದಾನವಾದವು. ಇಡೀ ರಾಜ್ಯ ಕೆಲವು ದಿನ ಮಾತಿಲ್ಲದಾಯಿತು. ಮೂರು ವಾರದಲ್ಲಿ ಸರ್ಕಾರ ಆತನ ಹೆಸರಿನಲ್ಲೇ ಯೋಜನೆ ಘೋಷಿಸಿತು.

ಇಂಥ ಘೋಷಣೆಗಳು ಕಣ್ಣೀರಿನ ಬಿಸಿಯಲ್ಲಿ ಬರುತ್ತವೆ, ಹಾಗೆಯೇ ಆರುತ್ತವೆ. ಈ ಯೋಜನೆಯ ಒಳಗೆ ಮಾತ್ರ ಒಂದು ಗಟ್ಟಿಯಾದ ತತ್ವವಿತ್ತು. ಅದುವರೆಗಿನ ಸರ್ಕಾರಿ ಆರೋಗ್ಯ ಯೋಜನೆಗಳೆಲ್ಲ ಕೇಳುತ್ತಿದ್ದುದು ಕಾರ್ಡನ್ನು. ಬಿಪಿಎಲ್ಲೋ ಎಪಿಎಲ್ಲೋ, ಯಶಸ್ವಿನಿ ಸದಸ್ಯನೋ, ಸರ್ಕಾರಿ ನೌಕರನೋ ಎಂಬುದು ಮೊದಲು ಗೊತ್ತಾಗಬೇಕಿತ್ತು. ಪ್ರಜ್ಞೆ ತಪ್ಪಿ ಸ್ಟ್ರೆಚರಿನ ಮೇಲೆ ಮಲಗಿದವನು ಯಾವ ಕಾರ್ಡು ತೋರಿಸಿಯಾನು? ಸಾಂತ್ವನ ಹರೀಶ್ ಯೋಜನೆ ಕಾರ್ಡು ಕೇಳಲಿಲ್ಲ, ಆದಾಯ ಕೇಳಲಿಲ್ಲ, ಕರ್ನಾಟಕದವನೇ ಎಂದೂ ಕೇಳಲಿಲ್ಲ. ಅಪಘಾತ ಇಲ್ಲಿನ ರಸ್ತೆಯಲ್ಲಿ ಆಗಿದೆಯೇ ಎಂಬುದೊಂದೇ ಅರ್ಹತೆ. ಬಿಹಾರದ ಗಾರೆ ಕೆಲಸದವನೂ ಕಾಸರಗೋಡಿನ ವಿದ್ಯಾರ್ಥಿಯೂ ಅದರಲ್ಲಿ ಸೇರಿದರು. ನಾಗರಿಕನ ಜೀವಕ್ಕೆ ಸರ್ಕಾರ ಹೊಣೆ ಎಂಬ ಮಾತನ್ನು ಇಷ್ಟು ನೇರವಾಗಿ ಆಡಿದ ಯೋಜನೆಗಳು ನಮ್ಮಲ್ಲಿ ವಿರಳ. ಖಾದರ್ ಅವರ ರಾಜಕೀಯ ಬದುಕಿನಲ್ಲಿ ಬೇರೇನೂ ಉಳಿಯದಿದ್ದರೂ ಇದು ಉಳಿಯಲು ಯೋಗ್ಯ ಎಂಬುದು ನಮ್ಮ ಅಭಿಪ್ರಾಯ.

ಕೊರತೆಗಳೂ ಮೊದಲ ದಿನದಿಂದಲೇ ಇದ್ದವು. ತಲೆಗೆ ಪೆಟ್ಟು ಬಿದ್ದವನಿಗೆ ಸ್ಕ್ಯಾನ್, ಶಸ್ತ್ರಚಿಕಿತ್ಸೆ, ವೆಂಟಿಲೇಟರ್, ರಕ್ತ ಎಂದು ಲೆಕ್ಕ ಹಾಕಿದರೆ ಖಾಸಗಿ ಆಸ್ಪತ್ರೆಯಲ್ಲಿ 25 ಸಾವಿರ ರೂಪಾಯಿ ಮೊದಲ ರಾತ್ರಿಯಲ್ಲೇ ಮುಗಿಯುತ್ತದೆ. ಮುಂದೆ ಯಾರು? ಎರಡು ದಿನದ ನಂತರ ಗಾಯಾಳುವನ್ನು ಸರ್ಕಾರಿ ಆಸ್ಪತ್ರೆಗೆ ಸಾಗಿಸಬಹುದು ಎಂಬುದು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಸರಿ. ಜಿಲ್ಲಾಸ್ಪತ್ರೆಯಲ್ಲೇ ನರಶಸ್ತ್ರಚಿಕಿತ್ಸಕರಿಲ್ಲದ ಕಡೆ ಸಾಗಿಸುವುದು ಎಲ್ಲಿಗೆ? ಹಣ ಸಕಾಲಕ್ಕೆ ಬರುತ್ತದೆಂಬ ಭರವಸೆ ಆಸ್ಪತ್ರೆಗಳಿಗೆ ಮೂಡದಿದ್ದರೆ ಯೋಜನೆಯ ಬೋರ್ಡು ಗೋಡೆಯ ಮೇಲಿರುತ್ತದೆ, ಕೌಂಟರಿನಲ್ಲಿ ಹಳೆಯ ಪ್ರಶ್ನೆಯೇ ಇರುತ್ತದೆ.

ಅದೇ ವರ್ಷದ ಜೂನ್‌ನಲ್ಲಿ ಸಂಪುಟ ಪುನರ್ರಚನೆಯಾಗಿ ಖಾದರ್ ಅವರಿಗೆ ಆಹಾರ ಖಾತೆ ಸಿಕ್ಕಿತು. ಯೋಜನೆಗೆ ಆಗ ಮೂರು ತಿಂಗಳ ಪ್ರಾಯ. ಆರೋಗ್ಯ ಖಾತೆಗೆ ಬಂದ ಕೆ.ಆರ್. ರಮೇಶ್ ಕುಮಾರ್ ಆಸ್ಪತ್ರೆಯ ಬಾಗಿಲಿನ ಮೊದಲನೆಯ ಪ್ರಶ್ನೆಯನ್ನು, ಅಂದರೆ ಪೊಲೀಸರ ಪ್ರಶ್ನೆಯನ್ನು, ಕೈಗೆತ್ತಿಕೊಂಡದ್ದು ಸಮಾಧಾನದ ಸಂಗತಿ. ಪೊಲೀಸು, ಸಾಕ್ಷಿ, ಕೋರ್ಟು ಎಂಬ ಭಯದ ಬಗ್ಗೆ ಸುಪ್ರೀಂ ಕೋರ್ಟು ಮಾತಾಡುತ್ತ ಬಂದದ್ದು ದಶಕಗಳಿಂದ. ಮೊದಲು ಚಿಕಿತ್ಸೆ, ಆಮೇಲೆ ಕಾನೂನಿನ ವಿಧಿವಿಧಾನ ಎಂದು 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿತ್ತು. ನೆರವಿಗೆ ಬಂದವರನ್ನು ಪೀಡಿಸಬಾರದೆಂಬ ಕೇಂದ್ರದ ಮಾರ್ಗಸೂಚಿಗಳಿಗೆ 2016ರ ಮಾರ್ಚ್ 30ರಂದು ಕಾನೂನಿನ ಬಲ ಕೊಟ್ಟಿತು. ಅದೇ ವರ್ಷ ಕರ್ನಾಟಕ ತನ್ನದೇ ಮಸೂದೆ ತಂದು, 2018ರಲ್ಲಿ ರಾಷ್ಟ್ರಪತಿಯವರ ಅಂಕಿತ ಪಡೆದು, ಗುಡ್ ಸಮಾರಿಟನ್ ಕಾಯ್ದೆ ಹೊಂದಿದ ದೇಶದ ಮೊದಲ ರಾಜ್ಯವಾಯಿತು. ಒಬ್ಬರು ಹಣದ ಭಯ ತೆಗೆಯಲು ಹೊರಟರು, ಇನ್ನೊಬ್ಬರು ಕೇಸಿನ ಭಯ ತೆಗೆಯಲು. ಈ ಇಬ್ಬರೂ ಮುಂದೆ ಸಭಾಧ್ಯಕ್ಷರ ಪೀಠದಲ್ಲಿ ಕೂತರು. ರಮೇಶ್ ಕುಮಾರ್ ಅವರಿಗೆ ಅದು ಎರಡನೆಯ ಸಲ.

ಕಾನೂನು ಕಾಗದದಿಂದ ಬೀದಿಗೆ ಇಳಿಯಲು ತೆಗೆದುಕೊಳ್ಳುವ ಕಾಲ ಮಾತ್ರ ಬೇರೆಯೇ. 2017ರ ಫೆಬ್ರವರಿ 1ರಂದು ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ ಹದಿನೆಂಟರ ಹುಡುಗ ರಕ್ತ ಸುರಿಸುತ್ತ ನಡುರಸ್ತೆಯಲ್ಲಿ ಸುಮಾರು ಅರ್ಧ ಗಂಟೆ ಬಿದ್ದಿದ್ದ. ಕೈಮುಗಿದು ಬೇಡುತ್ತಿದ್ದ. ಸುತ್ತಲಿನವರ ಕೈಯಲ್ಲಿ ಮತ್ತೆ ಮೊಬೈಲುಗಳಿದ್ದವು. ನೆಲಮಂಗಲದ ಘಟನೆಗೆ ಆಗ ಒಂದು ವರ್ಷವೂ ತುಂಬಿರಲಿಲ್ಲ, ಯೋಜನೆ ಜಾರಿಯಲ್ಲಿತ್ತು. ಅಲ್ಲಿ ನಿಂತವರೆಲ್ಲ ಕಲ್ಲು ಮನಸ್ಸಿನವರು ಎಂದು ಬೈದು ಮುಗಿಸುವುದು ಸುಲಭ. ಗಾಯಾಳುವನ್ನು ಮುಟ್ಟಿದರೆ ಕೇಸಾಗುತ್ತದೆ, ಆಸ್ಪತ್ರೆಯವರು ಹಣ ಕೇಳುತ್ತಾರೆ ಎಂಬ ಹೆದರಿಕೆ ತಲೆಮಾರಿನಿಂದ ಬೇರು ಬಿಟ್ಟಿದೆ. ಪಂಚಾಯತಿಯ ಗೋಡೆಯಲ್ಲಿ, ಬಸ್ ನಿಲ್ದಾಣದಲ್ಲಿ, ಆಟೊ ಚಾಲಕರ ಸಭೆಯಲ್ಲಿ, ಪಿಯುಸಿ ತರಗತಿಯಲ್ಲಿ ಅದನ್ನು ಒಂದೊಂದಾಗಿ ಕೀಳಬೇಕಿತ್ತು. ಆ ಕೆಲಸಕ್ಕೆ ಯಾವ ಇಲಾಖೆಯೂ ಗಟ್ಟಿಯಾಗಿ ನಿಲ್ಲಲಿಲ್ಲ.

2018ರಲ್ಲಿ ಆರೋಗ್ಯ ಕರ್ನಾಟಕ ಬಂದಾಗ ಸಾಂತ್ವನ ಹರೀಶ್ ಯೋಜನೆಯೂ ಅದರೊಳಗೆ ಸೇರಿತು, ಮುಂದೆ ಅದು ಆಯುಷ್ಮಾನ್ ಭಾರತದ ಜೊತೆ ಒಂದಾಯಿತು. ಹಲವು ಯೋಜನೆಗಳನ್ನು ಒಂದೇ ಚೀಲಕ್ಕೆ ಹಾಕಿದ್ದರಿಂದ ಆಡಳಿತಕ್ಕೆ ಅನುಕೂಲವಾಯಿತು. ಆದರೆ ಹರೀಶ್ ಎಂಬ ಆ ಒಂದು ಹೆಸರಿನಿಂದ ಜನರಿಗೆ ತಲುಪಬೇಕಿದ್ದ ಸಂದೇಶ ಕರಗಿಹೋಯಿತು. ಅತ್ತ ತಮಿಳುನಾಡು 2021ರ ಡಿಸೆಂಬರ್‌ನಲ್ಲಿ ಇದೇ 48 ಗಂಟೆಯ ಲೆಕ್ಕವನ್ನು ಹೆಸರಿನಲ್ಲೇ ಇಟ್ಟು, ಮೊತ್ತವನ್ನು ಒಂದು ಲಕ್ಷಕ್ಕೆ ಏರಿಸಿ ಯೋಜನೆ ಶುರುಮಾಡಿತು. ಗಾಯವಾದ ಮೊದಲ ಒಂದು ಗಂಟೆಯನ್ನು ಗೋಲ್ಡನ್ ಅವರ್ ಎಂದು ಗುರುತಿಸಿ, ನಗದುರಹಿತ ಚಿಕಿತ್ಸೆಗೆ ಯೋಜನೆ ರೂಪಿಸಬೇಕೆಂದು ಕೇಂದ್ರದ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಯಿತು. ಆ ಯೋಜನೆ ದೇಶಕ್ಕೆಲ್ಲ ಜಾರಿಯಾದದ್ದು 2025ರ ಮೇ ತಿಂಗಳಲ್ಲಿ: ಏಳು ದಿನ, ಒಂದೂವರೆ ಲಕ್ಷ ರೂಪಾಯಿ. ಕರ್ನಾಟಕ ಹೊರಟ ದಾರಿಗೆ ದೆಹಲಿ ಬಂದು ಸೇರಲು ಒಂಬತ್ತು ವರ್ಷ ಬೇಕಾಯಿತು. ಹೊರಟವರೇ ಮುಂದೆ ನಡೆಯುತ್ತಿದ್ದಿದ್ದರೆ ಇವತ್ತು ನಮ್ಮ ರಾಜ್ಯವೇ ಮಾದರಿ ಎನಿಸಿಕೊಳ್ಳುತ್ತಿತ್ತು ಎಂಬ ಕೊರಗು ನಮ್ಮದು.

ಚಿಕಿತ್ಸೆಯ ಮಾತು ಒಂದು ಕಡೆಯಾದರೆ ಅಪಘಾತವೇ ಆಗದಂತೆ ನೋಡಿಕೊಳ್ಳುವ ಮಾತು ಇನ್ನೊಂದು ಕಡೆ. 2016ರಲ್ಲಿ ಕರ್ನಾಟಕದ ರಸ್ತೆಗಳಲ್ಲಿ ಸತ್ತವರು 11,133 ಮಂದಿ. 2023ರಲ್ಲಿ 12,321. ಕೋವಿಡ್ ಬಂದು ವಾಹನಗಳು ನಿಂತ 2020ರಲ್ಲೂ ಒಂಬತ್ತು ಸಾವಿರ ದಾಟಿತ್ತು. ಇದರ ಹೊಣೆ ಆರೋಗ್ಯ ಸಚಿವರೊಬ್ಬರದಲ್ಲ, ಲೋಕೋಪಯೋಗಿ, ಸಾರಿಗೆ, ಗೃಹ, ಹೆದ್ದಾರಿ ಪ್ರಾಧಿಕಾರ ಎಲ್ಲರದು. ಮನಸ್ಸು ಮಾಡಿದರೆ ಇಳಿಸಬಹುದು ಎನ್ನುವುದಕ್ಕೆ ಬೆಂಗಳೂರು–ಮೈಸೂರು ಹೆದ್ದಾರಿ ಸಾಕ್ಷಿ. 2023ರಲ್ಲಿ ಅಲ್ಲಿ 188 ಮಂದಿ ಸತ್ತರು. ವೇಗ ಹಿಡಿಯುವ ಕ್ಯಾಮೆರಾ ಹಾಕಿ, ಬೈಕು, ಆಟೊಗಳನ್ನು ಮುಖ್ಯ ಪಥದಿಂದ ಹೊರಗಿಟ್ಟು, ಪೊಲೀಸರು ಬೆನ್ನುಹತ್ತಿದ ಮೇಲೆ 2024ರಲ್ಲಿ ಆ ಸಂಖ್ಯೆ 50ಕ್ಕೆ ಬಂತು. ಒಂದು ರಸ್ತೆಯಲ್ಲಿ ಆದದ್ದು ಉಳಿದ ರಸ್ತೆಗಳಲ್ಲಿ ಏಕಾಗದು ಎಂದು ವಿಧಾನಸಭೆಯಲ್ಲಿ ಇಡೀ ಒಂದು ದಿನ ಚರ್ಚೆಯಾಗಬೇಕಿತ್ತು. ಸದನಕ್ಕೆ ಹೊತ್ತು ನಿಗದಿಮಾಡುವ ಪೀಠದಲ್ಲಿ ಈಗ ಕೂತಿರುವವರು ಯಾರು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಮಂತ್ರಿಗಿರಿ ಇಲ್ಲದ ದಿನಗಳಲ್ಲಿ ಖಾದರ್ ಅವರು ಮಾಡಿದ ಒಂದು ಕೆಲಸವನ್ನು ಇಲ್ಲಿ ನೆನೆಯಬೇಕು. 2020ರ ಬೇಸಿಗೆಯಲ್ಲಿ ಮಂಗಳೂರಿನಲ್ಲಿ ಕೋವಿಡ್‌ನಿಂದ ಸತ್ತವರ ದೇಹವನ್ನು ಸುಡಲು ಬಿಡದೆ ಜನ ಅಡ್ಡ ನಿಂತಿದ್ದರು, ಆಂಬುಲೆನ್ಸ್ ಒಂದು ಸ್ಮಶಾನದಿಂದ ಇನ್ನೊಂದಕ್ಕೆ ಅಲೆದಿತ್ತು. ಅಂಥ ಹೊತ್ತಿನಲ್ಲಿ, ಜೂನ್‌ನಲ್ಲಿ, ಬೋಳಾರದ ಮಸೀದಿಯ ದಫನ ಭೂಮಿಯಲ್ಲಿ ಕೋವಿಡ್‌ನಿಂದ ತೀರಿಕೊಂಡ ಹಿರಿಯರೊಬ್ಬರ ಅಂತ್ಯಕ್ರಿಯೆಗೆ ಖಾದರ್ ಹೋದರು, ಶವಕ್ಕೆ ಹೆಗಲು ಕೊಟ್ಟರು. ಮೈತುಂಬ ಮುಚ್ಚುವ ಪಿಪಿಇ ಕಿಟ್ ಹಾಕಿರಲಿಲ್ಲ. ಮಾಜಿ ಆರೋಗ್ಯ ಸಚಿವರೇ ನಿಯಮ ಮುರಿದರು ಎಂಬ ಟೀಕೆ ಬಂತು. ಟೀಕೆಯಲ್ಲಿ ಹುರುಳಿತ್ತು. ಆರೋಗ್ಯ ಇಲಾಖೆಯ ಸಿಬ್ಬಂದಿ ಮನೆಮನೆಗೆ ಹೋಗಿ ಹೇಳುತ್ತಿದ್ದುದಕ್ಕೆ ಇದು ವಿರುದ್ಧವಾಗಿತ್ತು. ಖಾದರ್ ಕಿಟ್ ತೊಟ್ಟೇ ಹೆಗಲು ಕೊಡಬಹುದಿತ್ತು, ಸಂದೇಶ ಅಷ್ಟೇ ಗಟ್ಟಿಯಾಗಿ ತಲುಪುತ್ತಿತ್ತು. ಆದರೂ ಸತ್ತವರಿಗೆ ಗೌರವದ ಬೀಳ್ಕೊಡುಗೆ ಸಿಗಲೇಬೇಕು, ದೇಹಕ್ಕೆ ಹೆದರಿ ಊರೇ ಬಾಗಿಲು ಹಾಕಬಾರದು ಎಂದು ಜನಪ್ರತಿನಿಧಿಯೊಬ್ಬ ಮುಂದೆ ನಿಂತು ತೋರಿಸಿದ್ದು ಆ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ.

ಈಗ ಅವರ ಮನೆಯಂಗಳಕ್ಕೆ ಬರೋಣ. ಉಳ್ಳಾಲದ ಹಳೆಯ ಸಂಕಟ ಕಡಲ್ಕೊರೆತ. ಏಷ್ಯನ್ ಅಭಿವೃದ್ಧಿ ಬ್ಯಾಂಕ್ (ಎಡಿಬಿ) ನೆರವಿನ ಯೋಜನೆಯಲ್ಲಿ ನೇತ್ರಾವತಿ ಅಳಿವೆಬಾಗಿಲಿನ ಬ್ರೇಕ್‌ವಾಟರ್‌ಗಳನ್ನು ಸರಿಪಡಿಸಿ, ಕಡಲೊಳಗೆ ಬಂಡೆಯ ದಿಬ್ಬಗಳನ್ನು ಕಟ್ಟಿದ ಮೇಲೆ ಕೋಟೆಪುರ, ಮೊಗವೀರಪಟ್ನದ ಕಡೆ ಸ್ವಲ್ಪ ನೆಮ್ಮದಿ ಬಂತು. ಇಂದು ಪ್ರತಿ ಮಳೆಗಾಲದಲ್ಲೂ ಸುದ್ದಿಯಾಗುವುದು ದಕ್ಷಿಣಕ್ಕಿರುವ ಸೋಮೇಶ್ವರ ಉಚ್ಚಿಲ, ಬಟ್ಟಪ್ಪಾಡಿ. ಕಡಲಿಗೆ ಒಂದು ಕಡೆ ತಡೆ ಹಾಕಿದರೆ ಅದು ಇನ್ನೊಂದು ಕಡೆ ಮಣ್ಣು ಕೇಳುತ್ತದೆ ಎಂಬುದು ಮೀನುಗಾರರಿಗೆ ಎಂಜಿನಿಯರುಗಳಿಗಿಂತ ಮೊದಲೇ ಗೊತ್ತಿತ್ತು. ತುರ್ತಿಗೆಂದು ಲಾರಿಗಟ್ಟಲೆ ಕಲ್ಲು ತಂದು ಸುರಿಯುವ ಕೆಲಸಕ್ಕೆ ಇನ್ನಾದರೂ ಕೊನೆ ಬೇಕು.

ಹರೇಕಳ–ಅಡ್ಯಾರ್ ನಡುವಿನ ಸೇತುವೆ ಸಹಿತ ಕಿಂಡಿ ಅಣೆಕಟ್ಟು ಒಳ್ಳೆಯ ಕೆಲಸ. ದೋಣಿಯಲ್ಲಿ ನೇತ್ರಾವತಿ ದಾಟುತ್ತಿದ್ದ, ಇಲ್ಲವೇ ತೊಕ್ಕೊಟ್ಟು ಸುತ್ತಿ ಬರುತ್ತಿದ್ದ ಊರುಗಳಿಗೆ ಹೆದ್ದಾರಿ ಹತ್ತಿರವಾಯಿತು. ಉಪ್ಪುನೀರು ಮೇಲೇರುವುದಕ್ಕೆ ತಡೆ ಬಿತ್ತು. ಮಳೆಗಾಲದ ತುಂಬಿದ ಹೊಳೆಯಲ್ಲಿ ಮಕ್ಕಳನ್ನು ದೋಣಿ ಹತ್ತಿಸಿದ ತಾಯಂದಿರಿಗೆ ಇದರ ಬೆಲೆ ಗೊತ್ತು.

ಕಡಲಿಗಿಂತ ಹೆಚ್ಚು ಕಾಡುವುದು ಗುಡ್ಡ. 2024ರ ಜೂನ್ 26ರ ಬೆಳಗಿನ ಜಾವ, ಕುತ್ತಾರು ಮದನಿನಗರದಲ್ಲಿ ಪಕ್ಕದ ಮನೆಯ ಕಾಂಪೌಂಡ್ ಗೋಡೆ ಮಳೆಗೆ ಕುಸಿದು ಕೆಳಗಿನ ಮನೆಯ ಮೇಲೆ ಬಿತ್ತು. ಮಲಗಿದ್ದ ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಸತ್ತರು. ಹನ್ನೊಂದು ತಿಂಗಳ ಮೇಲೆ, 2025ರ ಮೇ 30ರಂದು, ಮಂಜನಾಡಿ ಗ್ರಾಮದ ಮೊಂಟೆಪದವಿನಲ್ಲಿ ಗುಡ್ಡ ಜರಿದು ಮನೆಯೊಂದನ್ನು ಮುಚ್ಚಿತು. ಅಜ್ಜಿ ಮತ್ತು ಇಬ್ಬರು ಪುಟ್ಟ ಮೊಮ್ಮಕ್ಕಳು ಉಳಿಯಲಿಲ್ಲ. ಗಂಟೆಗಟ್ಟಲೆ ಅವಶೇಷದಡಿ ಸಿಕ್ಕಿಕೊಂಡಿದ್ದ ಮಕ್ಕಳ ತಾಯಿಯನ್ನು ಹೊರತೆಗೆದರು, ಆಕೆಯ ಕಾಲುಗಳನ್ನು ಉಳಿಸಲಾಗಲಿಲ್ಲ. ಅದೇ ದಿನ ದೇರಳಕಟ್ಟೆ ಸಮೀಪದ ಬೆಳ್ಮದಲ್ಲಿ ಇಂಥದ್ದೇ ಕುಸಿತಕ್ಕೆ ಸಿಕ್ಕಿ ಬಾಲಕಿಯೊಬ್ಬಳು ಸತ್ತಳು. ಒಂದೇ ವಿಧಾನಸಭಾ ಕ್ಷೇತ್ರ, ಒಂದು ವರ್ಷದೊಳಗೆ ಎಂಟು ಜೀವ.

ಮಳೆಯನ್ನು ದೂರಿ ಸುಮ್ಮನಾಗುವಂತಿಲ್ಲ. ಈ ಭಾಗದ ಗುಡ್ಡಗಳ ಮೇಲ್ಪದರ ಗಟ್ಟಿಯಾದ ಮುರಕಲ್ಲು. ಅದರ ಕೆಳಗೆ ಇರುವುದು ಶೇಡಿ ಮಣ್ಣು: ಬಿಳಿ, ನಸುಗೆಂಪು ಬಣ್ಣದ, ಕೈಯಲ್ಲಿ ಹಿಡಿದರೆ ನುಣ್ಣಗಿರುವ ಮಣ್ಣು. ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಬೇಸಿಗೆಯಲ್ಲಿ ಜೆಸಿಬಿ ತಂದು ಗುಡ್ಡದ ಬುಡವನ್ನು ನೇರವಾಗಿ ಕಡಿದು ಐದು ಸೆಂಟ್ಸು ಜಾಗ ಮಟ್ಟಮಾಡಿದವನಿಗೆ ಬರೆ, ಅಂದರೆ ಕಡಿದ ಗುಡ್ಡದ ನೆಟ್ಟಗಿನ ಮೈ, ಗಟ್ಟಿಯಾಗಿಯೇ ಕಾಣುತ್ತದೆ. ಮೇಲಿನವನು ತನ್ನ ಅಂಚಿಗೆ ಕೆಂಪುಕಲ್ಲಿನ ಕಾಂಪೌಂಡ್ ಎಬ್ಬಿಸುತ್ತಾನೆ, ನೀರು ಹೋಗಲು ತೂತು ಬಿಡುವುದಿಲ್ಲ. ಕೆಳಗಿನವನು ಬರೆಗೆ ಒತ್ತಿ ಅಡುಗೆಕೋಣೆ ಕಟ್ಟುತ್ತಾನೆ. ಮೂರು ದಿನ ಬಿಡದೆ ಮಳೆ ಸುರಿದರೆ ಮಣ್ಣು, ಗೋಡೆ ಎರಡೂ ಕೆಳಗಿನವನ ಮೇಲೆ. ಭೂ ಪರಿವರ್ತನೆಯ ಆದೇಶ ಕೊಡುವಾಗ, ಪಂಚಾಯತಿಯಲ್ಲಿ ಮನೆ ಕಟ್ಟಲು ಪರವಾನಗಿ ಕೊಡುವಾಗ ಬರೆಯ ಎತ್ತರ, ಇಳಿಜಾರು, ನೀರಿನ ದಾರಿಯನ್ನು ಖುದ್ದು ಹೋಗಿ ನೋಡುವ ಕ್ರಮ ಬಲವಾಗಿ ಬೇರೂರಿಲ್ಲ. ಜಾಗದ ಬೆಲೆ ಏರಿರುವ ಊರಿನಲ್ಲಿ ಬಡವರಿಗೆ ಸಿಗುವುದು ಬರೆಯ ಬುಡವೇ. ಪ್ರತಿ ಸಾವಿನ ಮರುದಿನ ಪರಿಹಾರದ ಚೆಕ್ಕು ತ್ವರಿತವಾಗಿ ಬರುತ್ತದೆ. ಅಪಾಯದಲ್ಲಿರುವ ಮನೆಯವರಿಗೆ ಮಳೆಗೆ ಮೊದಲು ಬದಲಿ ಜಾಗ, ತಡೆಗೋಡೆ ಸಿಗುವುದು ನಿಧಾನ. ರಸ್ತೆಯಲ್ಲಿ ಬಿದ್ದವನ ಮೊದಲ ಗಂಟೆಯ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಯೋಚಿಸಿದ ಶಾಸಕರು ಗುಡ್ಡದ ಬುಡದಲ್ಲಿ ಮಲಗಿದವರ ಬಗ್ಗೆ ಅಷ್ಟೇ ಸೂಕ್ಷ್ಮವಾಗಿ, ಸಾವಿಗೆ ಮೊದಲೇ ಯೋಚಿಸಬೇಕಿತ್ತು. ಹದಿನೆಂಟು ವರ್ಷ ಕಡಿಮೆ ಕಾಲವಲ್ಲ.

ಮನುಷ್ಯರಿಂದ ಮನುಷ್ಯರಿಗೆ ಬರುವ ಅಪಾಯವೂ ಈ ಜಿಲ್ಲೆಯನ್ನು ಬಿಟ್ಟಿಲ್ಲ. 2025ರ ಏಪ್ರಿಲ್ 27ರಂದು ಕುಡುಪುವಿನಲ್ಲಿ ಗುಂಪು ಹಲ್ಲೆಗೆ ಒಬ್ಬರು, ಮೇ 1ರಂದು ಬಜ್ಪೆಯಲ್ಲಿ ಒಬ್ಬರು, ಮೇ 27ರಂದು ಬಂಟ್ವಾಳದ ಕೊಳತ್ತಮಜಲಿನಲ್ಲಿ ಒಬ್ಬರು ಕೊಲೆಯಾದರು. ಸರ್ಕಾರ ಪೊಲೀಸ್ ಆಯುಕ್ತರನ್ನೂ ಎಸ್‌ಪಿಯನ್ನೂ ಬದಲಿಸಿ, ಜೂನ್‌ನಲ್ಲಿ ಕೋಮು ಹಿಂಸೆ ತಡೆಗೆಂದೇ ವಿಶೇಷ ಕಾರ್ಯಪಡೆ ತಂದಿತು. ಬಜ್ಪೆಯ ಕೊಲೆಯ ಬೆನ್ನಿಗೆ ಖಾದರ್ ಅವರು ಆಡಿದ ಮಾತು ವಿವಾದವಾಯಿತು. ತನಿಖೆ ನಡೆಯುವಾಗ ಯಾರ ಕೈವಾಡ ಇದೆ, ಇಲ್ಲ ಎಂಬ ಮಾತನ್ನು ಸಭಾಧ್ಯಕ್ಷರ ಸ್ಥಾನದಲ್ಲಿರುವವರು ಪೊಲೀಸರಿಗೇ ಬಿಟ್ಟರೆ ಒಳ್ಳೆಯದು. ಎರಡೂ ಸಮುದಾಯದ ಮನೆಗಳಿಗೆ ಹೋಗಬಲ್ಲ, ಎರಡೂ ಕಡೆಯವರ ಮತ ಪಡೆದು ಗೆಲ್ಲಬಲ್ಲ ಶಾಸಕರು ಈ ಜಿಲ್ಲೆಯಲ್ಲಿ ಹೆಚ್ಚಿಲ್ಲ. ಹಾಗಾಗಿ ಅವರ ಒಂದೊಂದು ಮಾತಿಗೂ ತೂಕ ಹೆಚ್ಚು.

ಸಭಾಧ್ಯಕ್ಷರು ಮಸೂದೆ ಮಂಡಿಸುವಂತಿಲ್ಲ, ಸದನದಲ್ಲಿ ಎದ್ದು ತಮ್ಮ ಕ್ಷೇತ್ರದ ಗೋಳು ಹೇಳುವಂತಿಲ್ಲ. ಆದರೆ ಅವರು ಕರೆದರೆ ಅಧಿಕಾರಿಗಳು ಬರುತ್ತಾರೆ, ಕಡತ ಓಡುತ್ತದೆ. ಆ ಬಲವನ್ನು ಖರ್ಚು ಮಾಡಲು ಈಗ ಎರಡು ಜಾಗಗಳಿವೆ. ಒಂದು, ಕೇಂದ್ರದ ಹೊಸ ನಗದುರಹಿತ ಚಿಕಿತ್ಸಾ ಯೋಜನೆ ರಾಜ್ಯದಲ್ಲಿ ಎಷ್ಟು ಗಾಯಾಳುಗಳನ್ನು ತಲುಪಿದೆ, ಯಾವ ಜಿಲ್ಲೆಯಲ್ಲಿ ಎಷ್ಟು ಆಸ್ಪತ್ರೆ ಅದಕ್ಕೆ ಒಪ್ಪಿವೆ, ಹಣ ಎಷ್ಟು ದಿನದಲ್ಲಿ ಪಾವತಿಯಾಗುತ್ತಿದೆ ಎಂಬ ಲೆಕ್ಕ ಪ್ರತಿ ಅಧಿವೇಶನದಲ್ಲೂ ಸದನದ ಮುಂದೆ ಬರುವಂತೆ ನೋಡಿಕೊಳ್ಳುವುದು. ಸಾಂತ್ವನ ಹರೀಶ್ ಯೋಜನೆಗೆ ಆದ ಗತಿ ಇದಕ್ಕೆ ಆಗಬಾರದು.

ಇನ್ನೊಂದು ಉಳ್ಳಾಲದ್ದು. ಮಂಜನಾಡಿ, ಮುನ್ನೂರು, ಬೆಳ್ಮ, ಹರೇಕಳ, ಪಜೀರು, ಹೀಗೆ ಗ್ರಾಮ ಗ್ರಾಮವಾಗಿ ಕಡಿದ ಬರೆಗಳನ್ನೂ ಅಂಚಿನ ಕಾಂಪೌಂಡುಗಳನ್ನೂ ಗುರುತಿಸಿ ಪಟ್ಟಿ ಮಾಡಬೇಕು. ಶೇಡಿ ಮಣ್ಣಿನ ಗುಣ ಬಲ್ಲ ತಜ್ಞರು ಸುರತ್ಕಲ್‌ನ ಎನ್‌ಐಟಿಕೆಯಲ್ಲಿದ್ದಾರೆ, ಅಲ್ಲಿಗೆ ಉಳ್ಳಾಲದಿಂದ ಒಂದು ಗಂಟೆಯ ದಾರಿ. ಪಟ್ಟಿ ಏಪ್ರಿಲ್‌ನೊಳಗೆ ಗ್ರಾಮಸಭೆಯಲ್ಲಿ ಓದಿ ಹೇಳುವಂತಾಗಲಿ. ಯಾವ ಮನೆಯನ್ನು ಜೂನ್‌ಗೆ ಮೊದಲು ಖಾಲಿ ಮಾಡಿಸಬೇಕು, ಅವರು ಆ ನಾಲ್ಕು ತಿಂಗಳು ಎಲ್ಲಿರಬೇಕು, ಬಾಡಿಗೆ ಯಾರು ಕೊಡಬೇಕು, ಯಾವ ತಡೆಗೋಡೆಗೆ ಯಾವ ನಿಧಿ ಎಂಬುದೆಲ್ಲ ಅದರಲ್ಲಿ ಬರೆದಿರಲಿ. ಮೇಲಿನ ಜಾಗದವನು ಗೋಡೆ ಇಳಿಸಲು ಒಪ್ಪದಿದ್ದರೆ ಪಂಚಾಯತಿಯೇ ಇಳಿಸಿ ಖರ್ಚು ವಸೂಲು ಮಾಡಲಿ. ಪಂಚಾಯತಿಯ ಅಭಿವೃದ್ಧಿ ಅಧಿಕಾರಿಗೆ ಅಷ್ಟು ಧೈರ್ಯ ಬರಬೇಕಾದರೆ ಬೆನ್ನ ಹಿಂದೆ ಶಾಸಕರಿರಬೇಕು.